ಅವ್ವನಿಗೆ ಕೊಟ್ಟ ಕುರ್ಚಿ

ಸಿನಿಮಾ ಪ್ರಶಸ್ತಿ ಯಾರಿಗೆ ಬರುತ್ತದೆ ಎಂದು ನಾನು ಸಿನಿಮಾ ನೋಡಿ ಹೇಳುವುದಿಲ್ಲ, ಕುರ್ಚಿ ನೋಡಿ ಹೇಳುತ್ತೇನೆ. ಸಿನಿಮಾ ನೋಡಿ ಹೇಳುವವರು ನಮ್ಮ ಬನಹಟ್ಟಿಯಲ್ಲಿ ಬೇಕಾದಷ್ಟು ಜನರಿದ್ದಾರೆ. ಕಥೆ ಹೇಗಿತ್ತು, ಯಾರು ಚೆನ್ನಾಗಿ ಅತ್ತರು, ಯಾರಿಗೆ ಈ ಸಲವಾದರೂ ಸಿಗಬೇಕು ಎಂದು ಚಹಾದಂಗಡಿಯ ಮುಂದೆ ಗಂಟಲು ಹರಿದುಕೊಳ್ಳುತ್ತಾರೆ. ಕೊನೆಗೆ ಅವರು ಹೇಳಿದ್ದು ಒಂದೂ ಆಗುವುದಿಲ್ಲ, ಆಮೇಲೆ ಎಲ್ಲಾ ಮೊದಲೇ ಗೊತ್ತಿತ್ತು ಅನ್ನುತ್ತಾರೆ.

ನಾನು ಮದುವೆಯ ವಿಡಿಯೊ ತೆಗೆಯುವವನು. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಕಲ್ಯಾಣ ಮಂಟಪಗಳಲ್ಲಿ ನಾನು ಕ್ಯಾಮೆರಾ ಹಿಡಿದು ನಿಲ್ಲದ ಮೂಲೆ ಇಲ್ಲ. ಏನಾದರೂ ಆಗುವ ಮೊದಲೇ ಕ್ಯಾಮೆರಾ ಅಲ್ಲಿ ಹೋಗಿ ನಿಂತಿರಬೇಕು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಅಕ್ಷತೆ ಬೀಳುವಾಗ ನೀವು ಊಟದ ಮನೆಯಲ್ಲಿದ್ದರೆ ಮುಗಿಯಿತು. ಬೆಂಗಳೂರಿನ ದೊಡ್ಡ ಸಮಾರಂಭವಾದರೂ ಅಷ್ಟೇ. ಗೆಲ್ಲುವವರನ್ನು ಸಾಲಿನ ತುದಿಯಲ್ಲಿ, ಓಡಾಡುವ ದಾರಿಗೆ ಹತ್ತಿ ಕೂಡಿಸಿರುತ್ತಾರೆ. ಎದ್ದು ವೇದಿಕೆಗೆ ಹೋಗುವಾಗ ಯಾರ ಮೊಣಕಾಲೂ ಅಡ್ಡ ಬರಬಾರದಲ್ಲ. ಅವರ ಎದುರಿಗೆ ಒಬ್ಬ ಕ್ಯಾಮೆರಾದವನು ಕುಕ್ಕರಗಾಲಿನಲ್ಲಿ ಕೂತಿರುತ್ತಾನೆ. ಇವೆರಡನ್ನು ನೋಡಿಕೊಂಡರೆ ಸಾಕು, ಸಿನಿಮಾ ನೋಡುವ ತ್ರಾಸವೇ ಇಲ್ಲ. ಹೀಗೆ ಹೇಳಿ ಹೇಳಿ ಓಣಿಯಲ್ಲಿ ನನ್ನ ಮಾತಿಗೆ ಒಂದು ತೂಕ ಬಂದುಬಿಟ್ಟಿತ್ತು. ಅದರ ಜಂಬವೂ ನನಗಿತ್ತು.

ಆ ವರ್ಷ ಪೋಷಕ ನಟಿಯ ಪ್ರಶಸ್ತಿಗೆ ಆರಿಸಿದ ನಾಲ್ವರಲ್ಲಿ ಒಬ್ಬಳು ನನ್ನ ಅವ್ವ.

ಅವ್ವ ಹರೆಯದಲ್ಲಿ ಕಂಪನಿ ನಾಟಕದಲ್ಲಿದ್ದವಳು. ಊರೂರಿಗೆ ಹೋಗಿ ತಗಡಿನ ಥೇಟರು ಕಟ್ಟಿ ತಿಂಗಳುಗಟ್ಟಲೆ ನಾಟಕವಾಡುವ ಕಂಪನಿ ಅದು. ಜಮಖಂಡಿಯಲ್ಲಿ ಬೀಡುಬಿಟ್ಟಿದ್ದಾಗ, ಮಗ್ಗ ನೇಯುವ ನನ್ನ ಅಪ್ಪ ದಿನಾ ಸೈಕಲ್ ತುಳಿದುಕೊಂಡು ಹೋಗಿ ಅದೇ ನಾಟಕವನ್ನು ಮತ್ತೆ ಮತ್ತೆ ನೋಡಿದ. ಕೊನೆಗೆ ಅವ್ವನನ್ನು ಮದುವೆಯಾಗಿ ಬನಹಟ್ಟಿಗೆ ಕರೆದುಕೊಂಡು ಬಂದ. ಅವ್ವ ಬಣ್ಣ ಹಚ್ಚುವುದನ್ನು ಬಿಟ್ಟು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದನ್ನು ಕಲಿತಳು. ಆದರೆ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ನಾಟಕದವಳ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದಳು. ಎರಡು ಓಣಿ ಆಚೆಗೆ ಇದ್ದುಕೊಂಡು ಆ ಮಾತನ್ನು ನಡೆಸಿದಳು.

ಬರೀ ಹೊಸ್ತಿಲಲ್ಲ. ನಮ್ಮಲ್ಲಿ ಮದುವೆ, ಬಸುರಿಯ ಕುಬಸ, ಹಬ್ಬ ಏನೇ ಇರಲಿ, ಮುತ್ತೈದೆಯರನ್ನು ಸಾಲಾಗಿ ಕೂಡಿಸಿ ಅವರ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು, ಒಂದು ರವಿಕೆಯ ಖಣ ಹಾಕಿ ಉಡಿ ತುಂಬುತ್ತಾರೆ. ಮನೆತನದ ಹಿರಿಯಳಾಗಿ ಆ ಕೆಲಸ ಅತ್ತೆಯದೇ. ಅವ್ವನ ಹತ್ತಿರ ಬಂದಾಗ ಅತ್ತೆಯ ಕೈ ಆಕೆಯನ್ನು ದಾಟಿ ಮುಂದಿನವಳ ಸೆರಗಿಗೆ ಹೋಗುತ್ತಿತ್ತು. ಒಮ್ಮೆ ರಬಕವಿಯ ಮದುವೆಯೊಂದರಲ್ಲಿ ಇದು ನನ್ನ ಕ್ಯಾಮೆರಾದ ಮುಂದೆಯೇ ನಡೆಯಿತು. ಅವ್ವ ಸೆರಗು ಒಡ್ಡಿಕೊಂಡು ಕೂತಿದ್ದಳು, ಅತ್ತೆ ದಾಟಿದಳು, ಅವ್ವ ನಗುತ್ತಲೇ ಸೆರಗನ್ನು ಮಡಿಲಿಗೆ ಎಳೆದುಕೊಂಡಳು. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು.

ಹೀಗಿರುವಾಗ ಸಿನಿಮಾ ಮಾಡುವ ಹುಡುಗನೊಬ್ಬ ಹಳೆಯ ಕಂಪನಿ ನಟಿಯರನ್ನು ಹುಡುಕುತ್ತ ನಮ್ಮ ಮನೆಗೆ ಬಂದ. ಬೀಳಗಿ ಕಡೆಯ ಹಿನ್ನೀರಿನ ದಂಡೆಯಲ್ಲಿ ಚಿತ್ರೀಕರಣ. ಅವ್ವನದು ದೋಣಿ ಕಾಯುವ ಮುದುಕಿಯ ಪಾತ್ರ, ಮಾತು ಬಹಳ ಕಡಿಮೆ. ಕಂಪನಿಯಲ್ಲಾಗಿದ್ದರೆ ಇಷ್ಟು ಕಡಿಮೆ ಮಾತಾಡಿದವರನ್ನು ಪ್ರೇಕ್ಷಕರು ಸುಮ್ಮನೆ ಬಿಡುತ್ತಿರಲಿಲ್ಲ ಎಂದು ಆಕೆ ತಮಾಷೆ ಮಾಡುತ್ತಿದ್ದಳು. ಮುಂದೆ ಆ ಪಾತ್ರಕ್ಕೇ ಆಕೆಯ ಹೆಸರು ನಾಲ್ವರಲ್ಲಿ ಬಂತು.

ಸುದ್ದಿ ಬಂದ ದಿನ ನೆಂಟರ ಮನೆಯಲ್ಲಿ ಕುಬಸವಿತ್ತು. ಹೆಂಗಸರ ಮೊಬೈಲುಗಳಲ್ಲಿ ಅವ್ವನ ಫೋಟೊ ಓಡಾಡಿತು. ಯಾರೋ ಚೇಷ್ಟೆಗೆಂದು ಅತ್ತೆಯನ್ನು, ಇನ್ನಾದರೂ ಆಕೆಯ ಉಡಿ ತುಂಬುತ್ತೀರೋ ಇಲ್ಲವೋ ಎಂದು ಕೇಳಿದರು. ಅತ್ತೆ ಎಲ್ಲರೆದುರಿಗೆ ಅಂದಳು: "ಆತು. ಪ್ರಶಸ್ತಿ ತಗೊಂಡ ಬರಲಿ. ನಾನ ಆಕಿ ಮನಿಗೆ ಹೋಗಿ ಉಡಿ ತುಂಬತೇನಿ."

ನನಗೆ ಕೆಟ್ಟ ಸಿಟ್ಟು ಬಂತು. ಇಷ್ಟು ವರ್ಷ ಸಂಸಾರ ಮಾಡಿ, ಮಕ್ಕಳನ್ನು ಹೆತ್ತು, ಇದೇ ಅತ್ತೆಯ ಬಾಣಂತನಕ್ಕೆ ಹಿತ್ತಲ ಬಾಗಿಲಿನಿಂದ ಅಂಟಿನುಂಡಿ ಕಳಿಸಿದವಳು ಒಳ್ಳೆಯವಳೋ ಅಲ್ಲವೋ ಎಂದು ಬೆಂಗಳೂರಿನ ಯಾರೋ ಗುರುತಿಲ್ಲದವರು ಹೇಳಬೇಕೇ? ಮನೆಗೆ ಬಂದು ಕೂಗಾಡಿದೆ. ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಬಂದ್ರ ಛಲೋ ಆಕ್ಕೈತಿ ನೋಡ," ಎಂದಳು ಅಷ್ಟೇ. ಆಕೆ ಪ್ರಶಸ್ತಿಯ ಬಗ್ಗೆ ಹೇಳುತ್ತಿಲ್ಲವೆಂದು ನನಗೆ ತಿಳಿಯಿತು. ಅವತ್ತಿನಿಂದ ನನಗೂ ಅದೊಂದೇ ಚಿಂತೆ. ಪ್ರಶಸ್ತಿ ಬರಬೇಕು, ಅತ್ತೆ ನಮ್ಮ ಹೊಸ್ತಿಲು ದಾಟಬೇಕು.

ಸಮಾರಂಭ ಭಾನುವಾರ ಸಂಜೆ. ಅವ್ವನ ಜೊತೆ ಅಪ್ಪ ಹೋಗಿದ್ದ. ನಾನು ಮುಧೋಳದಲ್ಲಿ ಒಂದು ಮದುವೆ ಮುಗಿಸಿ, ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾದು ಕಾದು ಸಾಕಾಗಿ, ಯಾರದೋ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಬನಹಟ್ಟಿ ಮುಟ್ಟಿದೆ. ಪಕ್ಕದ ಮನೆಯವರ ಪವರ್‌ಲೂಮ್ ಶೆಡ್ಡಿನಲ್ಲಿ ಟಿವಿ ತಂದಿಟ್ಟಿದ್ದರು. ಕಾರ್ಯಕ್ರಮ ನೇರ ಪ್ರಸಾರವಿತ್ತು. ಯಜಮಾನ ಎಲ್ಲ ಮಗ್ಗಗಳನ್ನು ಬಂದ್ ಮಾಡಿಸಿದ್ದ. ಹುಟ್ಟಿದಾಗಿನಿಂದ ಆ ಸದ್ದು ಕೇಳಿದ ನಮಗೆ ಅದಿಲ್ಲದ ಓಣಿಯಲ್ಲಿ ಉಸಿರಾಡಲೂ ಒಂಥರಾ ಆಗುತ್ತಿತ್ತು. ಹೊರಗೆ ಹುಡುಗರು ಪಟಾಕಿ ಸರ ಬಿಚ್ಚಿ ಹಾಸಿಟ್ಟುಕೊಂಡಿದ್ದರು.

ಶೆಡ್ಡಿನ ಬಾಗಿಲ ಹತ್ತಿರ, ಕಂಡಿಕೆ ಪೆಟ್ಟಿಗೆಯ ಮೇಲೆ ಅತ್ತೆ ಕೂತಿದ್ದಳು. ಇದು ನಮ್ಮ ಮನೆಯಲ್ಲವಲ್ಲ, ಹಾಗಾಗಿ ಬಂದಿದ್ದಳು.

ಟಿವಿಯಲ್ಲಿ ಹಾಡು, ಕುಣಿತ, ಮಾತಿನ ಮೇಲೆ ಮಾತು. ನಡುವೆ ಒಮ್ಮೆ ಕ್ಯಾಮೆರಾ ಸಭೆಯ ಮೇಲೆ ಹರಿದಾಡಿತು. ಶೆಡ್ಡಿನಲ್ಲಿದ್ದವರೆಲ್ಲ ಅಗೋ ಅಗೋ ಎಂದರು. ಅವ್ವ ಹಿಂದಿನ ಸಾಲೊಂದರಲ್ಲಿ, ನಟ್ಟನಡುವೆ ಕೂತಿದ್ದಳು. ಒಂದು ಪಕ್ಕ ಅಪ್ಪ, ಇನ್ನೊಂದು ಪಕ್ಕ ಒಬ್ಬ ಭಾರಿ ಆಳು. ಮುಂದಿನ ಸಾಲಿನವನ ತಲೆ ಅವ್ವನ ಅರ್ಧ ಮುಖ ಮುಚ್ಚಿತ್ತು. ಎದ್ದು ಬರಬೇಕೆಂದರೆ ಏಳೆಂಟು ಜನ ಕಾಲು ಮಡಚಬೇಕು. ಎಲ್ಲಕ್ಕೂ ಮುಂದಿನ ಸಾಲಿನ ತುದಿಯಲ್ಲಿ ಆ ನಾಲ್ವರಲ್ಲಿ ಇನ್ನೊಬ್ಬಳು ಕೂತಿದ್ದಳು, ಆಕೆಯ ಎದುರಿಗೆ ಕ್ಯಾಮೆರಾದವನು ಕುಕ್ಕರಗಾಲಿನಲ್ಲಿ ಇದ್ದ.

ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ನನಗೆ ಎಲ್ಲ ತಿಳಿದುಹೋಗಿತ್ತು, ಉಳಿದವರಿಗೆ ಏನೂ ತಿಳಿದಿರಲಿಲ್ಲ. ಅವರು ಅವ್ವನ ಸೀರೆ ಹೇಗೆ ಕಾಣುತ್ತಿದೆ ಎಂದು ಮಾತಾಡುತ್ತಿದ್ದರು. ಒಬ್ಬೊಬ್ಬರಾಗಿ ನನ್ನ ಮುಖ ನೋಡತೊಡಗಿದರು. ನಾನು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಲೇ ತಮ್ಮಾ," ಎಂದಳು ಅತ್ತೆ. "ನಿನ್ನ ಕುರ್ಚಿ ಏನ ಹೇಳತೈತಿ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಹೆಂಗಸು ಅಲ್ಲೇ ಕೂತು ಅವ್ವ ಸೋಲುವುದನ್ನು ಪೂರ್ತಿ ನೋಡುವುದು ನನಗೆ ಬೇಕಿರಲಿಲ್ಲ. ಸಿಟ್ಟೂ ಇತ್ತು. "ಬರೂದಿಲ್ಲರಿ ಅತ್ತಿ," ಎಂದೆ. "ಆರಾಮ ಮನಿಗೆ ಹೋಗ್ರಿ. ಉಡಿ ತುಂಬೂ ತ್ರಾಸ ತಪ್ಪಿತು ನಿಮಗ."

ಅತ್ತೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಗ್ಗದ ಕಟ್ಟಿಗೆ ಹಿಡಿದು ಎದ್ದು, ಮೊಣಕಾಲು ಒತ್ತಿಕೊಳ್ಳುತ್ತ ಹೊರಗೆ ಹೋದಳು. ಯಜಮಾನ ನನಗೆ ಚೆನ್ನಾಗಿ ಉಗಿದ. ಹೆತ್ತವ್ವನ ವಿಷಯದಲ್ಲಿ ಇಂಥ ಅಪಶಕುನ ನುಡಿಯುವ ಬಾಯಿ ಎಲ್ಲೂ ಕಂಡಿಲ್ಲ ಎಂದ.

ಪ್ರಶಸ್ತಿಗಳು ಒಂದೊಂದಾಗಿ ಹೋಗುತ್ತಿದ್ದವು. ಪ್ರತಿ ಸಲವೂ ತುದಿಯ ಕುರ್ಚಿಯಿಂದಲೇ ಜನ ಏಳುತ್ತಿದ್ದರು. ನನ್ನ ಲೆಕ್ಕ ತಪ್ಪಲಿ ಎಂದು ನಾನೇ ಮಹಾಲಿಂಗೇಶ್ವರನಿಗೆ ಕೈ ಮುಗಿದೆ. ಯಾರಾದರೂ ಓಡಿ ಬಂದು ಅವ್ವನನ್ನು ಎಬ್ಬಿಸಿ ತುದಿಗೆ ಕೂಡಿಸುತ್ತಾರೇನೋ ಎಂದು ಕಾದೆ. ಕ್ಯಾಮೆರಾದವನು ಕಾಲು ಜೋಮು ಹಿಡಿದು ಎದ್ದಾಗ, ಇನ್ನು ಅವ್ವನ ಕಡೆಗೆ ಹೋಗುತ್ತಾನೆ ಎಂದುಕೊಂಡೆ. ಅವನು ಕಾಲು ಝಾಡಿಸಿ ಮತ್ತೆ ಅಲ್ಲೇ ಕೂತ.

ಪೋಷಕ ನಟಿ ಎಂದರು. ನಾಲ್ವರ ಮುಖಗಳನ್ನು ಒಟ್ಟಿಗೆ ತೋರಿಸಿದರು. ಅವ್ವ ನೆಟ್ಟಗೆ ಕೂತಿದ್ದಳು. ಅಪ್ಪ ಆಕೆಯ ಕೈ ಹಿಡಿದಿದ್ದ, ಅದು ಟಿವಿಯಲ್ಲಿ ಬಂತು. ಲಕೋಟೆ ಹರಿಯುವವನು ಹರಿಯಲಾರದವನಂತೆ ಸತಾಯಿಸಿದ. ಕೊನೆಗೆ ಹೆಸರು ಓದಿದ. ಮುಂದಿನ ಸಾಲಿನ ತುದಿಯಲ್ಲಿದ್ದವಳು ಎದ್ದಳು.

ಶೆಡ್ಡಿನಲ್ಲಿ ಯಾರೂ ನನ್ನನ್ನು ಹೊಗಳಲಿಲ್ಲ. ಯಜಮಾನ ಟಿವಿ ಆರಿಸಿ, ಹೋಗಿ ಸ್ವಿಚ್ಚು ಹಾಕಿದ. ಒಂದಾದ ಮೇಲೊಂದು ಮಗ್ಗ ಶುರುವಾಯಿತು. ಹುಡುಗರು ಪಟಾಕಿ ಸರ ಸುತ್ತಿಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಅವ್ವನ ಫೋನ್ ಬಂತು. ಆಕೆ ಕೇಳಿದ ಮೊದಲ ಮಾತೇ, "ಅಕ್ಕಾರು ನೋಡಿದ್ರೇನು?" ಇಲ್ಲ, ಅತ್ತೆ ಮೊದಲೇ ಎದ್ದು ಹೋದಳು ಎಂದೆ. ಯಾಕೆ ಎದ್ದು ಹೋದಳು ಎಂದು ಹೇಳಲಿಲ್ಲ. ಛಲೋ ಆಯಿತು ಎಂದು, ಅಲ್ಲಿಯ ಹೋಳಿಗೆ ಎಷ್ಟು ಕೆಟ್ಟದಾಗಿತ್ತು ಎಂಬುದನ್ನು ಉದ್ದಕ್ಕೂ ವರ್ಣಿಸಿದಳು. ನಾನು ಹೂಂ ಅನ್ನುತ್ತಲೇ ಕಣ್ಣೀರು ಒರೆಸಿಕೊಂಡೆ.

ಅವರು ಊರಿಗೆ ಬಂದ ದಿನ ಬೆಳಗ್ಗೆ, ಅಪ್ಪ ಇನ್ನೂ ಕೈಕಾಲು ತೊಳೆಯುತ್ತಿರುವಾಗ, ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಕೈಯಲ್ಲಿ ಚೀಲ. ಅದರ ಬಾಯಿಯಿಂದ ಹಸಿರು ಖಣದ ಅಂಚು ಕಾಣುತ್ತಿತ್ತು.

"ನಾ ಟಿವಿ ಪೂರ್ತಿ ನೋಡಲಿಲ್ಲ," ಎಂದಳು, ಓಣಿಗೆಲ್ಲ ಕೇಳುವಂತೆ. "ಬಂದಿರ್ತೈತಿ ಅಂತ ತಿಳದ ಬಂದೇನಿ."

ಎದ್ದು ಹೋದದ್ದು ಯಾಕೆಂದು ಆಗ ನನಗೆ ಅರ್ಥವಾಯಿತು. ನೋಡದಿದ್ದರೆ ಗೊತ್ತಿಲ್ಲ ಅನ್ನಬಹುದು, ಗೊತ್ತಿಲ್ಲದಿದ್ದರೆ ಬರಬಹುದು. ಅಪ್ಪ ಚೊಂಬು ಹಿಡಿದುಕೊಂಡೇ ನಿಂತ. ಹೂಂ ಅನ್ನಬೇ ಅವ್ವಾ ಎಂದು ಮನಸ್ಸಿನಲ್ಲೇ ಕೂಗಿದೆ. ಒಂದು ಹೂಂ ಸಾಕು. ಜೀವಮಾನವೆಲ್ಲ ಬೇರೆಯವರು ಬರೆದ ಮಾತನ್ನು ಖರೆ ಅನಿಸುವಂತೆ ಆಡಿದವಳಿಗೆ ಇದೊಂದು ಕಷ್ಟವೇ?

"ಬಂದಿಲ್ಲರಿ ಅಕ್ಕಾರ," ಎಂದಳು ಅವ್ವ.

ಅತ್ತೆ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದಳು. ಎದುರು ಮನೆಯ ಹೆಂಗಸರು ಕಸ ಗುಡಿಸುವುದನ್ನು ನಿಲ್ಲಿಸಿದ್ದರು. ಇನ್ನು ತಿರುಗಿ ಹೋಗುತ್ತಾಳೆ ಎಂದುಕೊಂಡೆ. ಅವ್ವನ ಮೇಲೂ ನನಗೆ ಸಿಟ್ಟು ಬಂತು.

"ಮಗ್ಗ ಚಾಲೂ ಆದ ಸಪ್ಪಳ ನನಗೂ ಕೇಳಿತವ್ವಾ," ಎಂದಳು ಅತ್ತೆ. ದನಿ ಇಳಿದಿತ್ತು. "ಪಟಾಕಿ ಹಾರಲಿಲ್ಲ ಅಂದ್ರ ತಿಳಿಯೂದಿಲ್ಲೇನು? ಸೆರಗ ಒಡ್ಡು."

ಅವ್ವ ಸೆರಗಿಗೆ ಕೈ ಹಾಕಿದವಳು ಹಾಗೇ ನಿಂತಳು. ಕಣ್ಣು ತುಂಬಿತ್ತು, ಆದರೂ ಮಾತು ನಡುಗಲಿಲ್ಲ. "ಹೊಸ್ತಲದಾಗ ನಿಂತು ಉಡಿ ತುಂಬೂದಿಲ್ಲರಿ. ಒಳಗ ಬರ್ರಿ."

ಅತ್ತೆ ಹೊಸ್ತಿಲನ್ನು ನೋಡಿದಳು. ನಮ್ಮದು ಎತ್ತರದ ಹೊಸ್ತಿಲು, ಆಕೆಯ ಮೊಣಕಾಲು ಬಗ್ಗುವುದಿಲ್ಲ. ನಾನು ಕೈ ಕೊಡಲು ಮುಂದೆ ಹೋದೆ. ಅವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಬಿಡು," ಎಂದಳು. "ಅವರ ಬರ್ತಾರ."

ಅತ್ತೆ ಚಪ್ಪಲಿ ಬಿಟ್ಟಳು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಲಗಾಲು ಎತ್ತಿ ಒಳಗಿಟ್ಟಳು.