ಜ್ವರವಿಲ್ಲದ ಕಾಯಿಲೆ

ನಮ್ಮ ಸಂಗೀತ ಸಭೆಯ ಬೀರು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ನುಸಿಗುಳಿಗೆಯ ವಾಸನೆ. ಕಲಾವಿದರಿಗೆ ಹೊದಿಸುವ ಶಾಲುಗಳನ್ನು ಅಲ್ಲಿಟ್ಟಿರುತ್ತೇವೆ. ವಿದ್ಯಾರಣ್ಯಪುರಂನ ಈ ಪುಟ್ಟ ಸಭೆಗೆ ಹದಿನೆಂಟು ವರ್ಷದಿಂದ ನಾನೇ ಕಾರ್ಯದರ್ಶಿ. ಸ್ವತಃ ಹಾಡಲು ಬಾರದವನು ಹಾಡುವವರ ಮೇಲೆ ದರ್ಬಾರು ನಡೆಸಲು ಇದಕ್ಕಿಂತ ಒಳ್ಳೆಯ ಹುದ್ದೆ ಇದ್ದರೆ ನೀವೇ ಹೇಳಿ. ಇವತ್ತು ಬೆಳಿಗ್ಗೆ ಶಾಲುಗಳನ್ನು ಬಿಸಿಲಿಗೆ ಹಾಕಲು ತೆಗೆಯುತ್ತಿದ್ದಾಗ ಶಿವಪ್ರಸಾದ್ ನೆನಪಾದರು.

ಶಿವಪ್ರಸಾದ್ ಪಿಟೀಲು ವಾದಕರು. ಹೆಚ್ಚಾಗಿ ಪಕ್ಕವಾದ್ಯವೇ. ಹಾಡುವವರು ಎಲ್ಲಾದರೂ ಎಡವಿದರೆ, ಕೇಳುವವರಿಗೆ ಸುಳಿವು ಕೊಡದೆ ಮೆಲ್ಲಗೆ ದಾರಿಗೆ ತಂದುಬಿಡುತ್ತಿದ್ದರು. ಅಂಥವರನ್ನು ಯಾರು ಹೊಗಳುತ್ತಾರೆ? ನಾನೂ ಹೊಗಳಿರಲಿಲ್ಲ. ಆರು ವರ್ಷದ ಹಿಂದೆ ಒಂದು ಕಛೇರಿಯ ದಿನ, ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅವರ ಫೋನ್ ಬಂತು.

“ಸಾರ್, ಇವತ್ತು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಪಿಟೀಲು ಕೈಗೆ ತಗೊಂಡ್ರೆ ಎದೆ ಹೊಡ್ಕೊಳ್ಳುತ್ತೆ. ಮೂರು ವಾರದಿಂದ ಹಿಂಗೇ.”

“ಜ್ವರ ಇದ್ಯಾ?”

“ಇಲ್ಲ ಸಾರ್.”

“ಮತ್ತಿನ್ನೇನ್ರೀ? ಬಂದ್ಬುಡಿ. ವೇದಿಕೆ ಹತ್ತಿದ್ರೆ ಎಲ್ಲಾ ಸರಿಹೋಗುತ್ತೆ.”

ಜ್ವರ ಎಂದಿದ್ದರೆ ಐದು ನಿಮಿಷದಲ್ಲಿ ಬೇರೆಯವರನ್ನು ಹುಡುಕಿರುತ್ತಿದ್ದೆ.

ಬಂದರು. ಆಲಾಪನೆಯ ನಡುವೆ ಗಾಯಕಿ ನುಡಿಸುವಂತೆ ಕೈ ತೋರಿಸಿದಾಗ ಕಮಾನು ಎತ್ತಿದರು, ಮತ್ತೆ ಮಡಿಲಿಗಿಟ್ಟುಕೊಂಡರು. ಬೆರಳು ನಡುಗುತ್ತಿತ್ತು. ಸಭೆಯಲ್ಲಿ ಗುಸುಗುಸು ಶುರುವಾಯಿತು. ಎದ್ದುಹೋದರೆ ಗಾಯಕಿಗೆ ಅವಮಾನವಾದೀತೆಂದೋ ಏನೋ, ಕೊನೆಯವರೆಗೂ ತಲೆ ತಗ್ಗಿಸಿ ಅಲ್ಲೇ ಕೂತಿದ್ದರು. ಮುಗಿದ ಮೇಲೆ ನಾನು ನಗುನಗುತ್ತ ಶಾಲು ಹೊದಿಸಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ.

ಮಾರನೆಯ ದಿನ ಊರಿನ ಇನ್ನೂ ಮೂರು ಸಭೆಗಳ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ಇವರನ್ನು ನೆಚ್ಚಿಕೊಳ್ಳಬೇಡಿ ಎಂದು ಎಚ್ಚರಿಸಿದೆ. ಅದು ಕರ್ತವ್ಯವೆಂದೇ ತಿಳಿದಿದ್ದೆ. ಶಿವಪ್ರಸಾದರ ಮನೆ ಇರುವುದು ನಮ್ಮ ಮನೆಯಿಂದ ಮೂರು ಬೀದಿ ಆಚೆ. ಹೋಗಿ ನೋಡಲಿಲ್ಲ. ಕಾಲು ಮುರಿದುಕೊಂಡಿದ್ದರೆ ಮೂಸಂಬಿ ಹಿಡಿದು ಹೋಗುತ್ತಿದ್ದೆ. ಇದಕ್ಕೆ ಏನು ಹಿಡಿದು ಹೋಗುವುದೋ ಗೊತ್ತಾಗಲಿಲ್ಲ.

ಕಳೆದ ತಿಂಗಳು ತರಕಾರಿ ಅಂಗಡಿಯಲ್ಲಿ ಅವರ ಹೆಂಡತಿ ಗಿರಿಜಮ್ಮ ಎದುರಾದರು. ಹೇಗಿದ್ದಾರೆ ಎಂದು ಕೇಳಿದೆ.

“ಡಾಕ್ಟ್ರು ಮಾತ್ರೆ ಕೊಟ್ರು, ಕೂರಿಸ್ಕೊಂಡು ಮಾತಾಡಿಸಿದ್ರು. ಎಂಟು ತಿಂಗಳಿಗೆ ಹುಷಾರಾದ್ರು. ದಿನಾ ಸಾಧನೆ ಮಾಡೋರು. ಎರಡು ವರ್ಷ ಫೋನ್ ಪಕ್ಕದಲ್ಲೇ ಇಟ್ಕೊಂಡು ಕಾದ್ರು. ನೀವ್ಯಾರೂ ಕರೀಲಿಲ್ಲ. ಈಗ ಕಡಕೊಳದ ಫ್ಯಾಕ್ಟರೀಲಿ ಸ್ಟೋರ್ಸ್ ನೋಡ್ಕೊತಾರೆ.” ಹೇಳುವಷ್ಟು ಹೊತ್ತೂ ಅವರು ಬೀನ್ಸ್ ಆರಿಸುತ್ತಲೇ ಇದ್ದರು, ನನ್ನ ಮುಖ ನೋಡಲಿಲ್ಲ.

ಆ ಭಾನುವಾರ ಅವರ ಮನೆಗೆ ಹೋದೆ. ಶಿವಪ್ರಸಾದ್ ಕುರ್ಚಿ ಹಾಕಿ ಕೂರಿಸಿದರು. ಸ್ವಲ್ಪ ದಪ್ಪಗಾಗಿದ್ದರು. ತಪ್ಪಾಯಿತು ಎಂದೆ. ಮುಂದಿನ ಕಛೇರಿಗೆ ನೀವೇ ನುಡಿಸಬೇಕು ಎಂದೂ ಹೇಳಿದೆ.

“ಕೋಪ ಇಲ್ಲ ಸಾರ್. ಆದ್ರೆ ಬರಲ್ಲ. ಈಗ ನಾನು ನುಡಿಸಿದ್ರೆ ಯಾರೂ ಪಿಟೀಲು ಕೇಳಲ್ಲ. ಕೈ ನಡುಗುತ್ತಾ ಅಂತ ನೋಡ್ತಾ ಕೂತಿರ್ತಾರೆ.”



ಇವತ್ತು ಬೀರುವಿನ ಕೆಲಸ ಅಷ್ಟಕ್ಕೇ ಬಿಟ್ಟು ಆ ಮೂವರಿಗೂ ಫೋನ್ ಮಾಡಿದೆ. ಶಿವಪ್ರಸಾದ್ ಗುಣವಾಗಿ ಎಷ್ಟೋ ವರ್ಷವಾಯಿತು, ಅವತ್ತು ನಾನು ಹೇಳಿದ್ದು ತಪ್ಪು ಎಂದೆ. ಒಬ್ಬರು ನೋಡೋಣ ಎಂದರು. ಇನ್ನೊಬ್ಬರಿಗೆ ಹೆಸರೇ ನೆನಪಿಗೆ ಬರಲಿಲ್ಲ. ಮೂರನೆಯವರು ನಕ್ಕರು.

“ಯಾರು, ಆ ತಲೆಕೆಟ್ಟೋರಾ?”

ಆರು ವರ್ಷದ ಹಿಂದೆ ಆ ಮಾತನ್ನು ಅವರ ಕಿವಿಗೆ ಹಾಕಿದವನು ನಾನೇ.