ಒಂದು ಬೆರಳಿನ ಸಡಿಲ

ಹಳೆಯ ಡೀಸೆಲ್ ಲಾರಿ ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ. ಸ್ಟೇರಿಂಗಿನ ಪಕ್ಕ ಒಂದು ಕರಿ ಹಿಡಿ ಇರುತ್ತದೆ, ಅದನ್ನು ಎಳೆಯಬೇಕು. ಅದರ ತಂತಿ ಎಂಜಿನ್ನಿನ ಪಂಪಿನವರೆಗೆ ಹೋಗಿ ಅಲ್ಲಿಯ ಸಣ್ಣ ಲಿವರನ್ನು ಎಳೆದರೆ ಡೀಸೆಲ್ ಕಟ್ಟಾಗಿ ಎಂಜಿನ್ ಸುಮ್ಮನಾಗುತ್ತದೆ. ಇದು ಸ್ಟಾಪ್ ಕೇಬಲ್. ಇನ್ನೊಂದು, ಕೈಯಿಂದ ಎಳೆಯುವ ಆಕ್ಸಿಲರೇಟರಿನ ಕೇಬಲ್. ಟ್ಯಾಂಕರಿನವರು ನೀರು ಬಿಡುವಷ್ಟು ಹೊತ್ತೂ ಪೆಡಲ್ ತುಳಿದುಕೊಂಡು ಕೂರಲಾಗುತ್ತದೆಯೇ? ಇದನ್ನು ಎಳೆದಿಟ್ಟು ಇಳಿದು ಬಂದರೆ ಎಂಜಿನ್ ತನ್ನ ಪಾಡಿಗೆ ತಾನು ಜೋರಾಗಿ ಓಡುತ್ತಿರುತ್ತದೆ. ಮುಳಬಾಗಿಲಿನ ಹಳೇ ರಸ್ತೆಯ ಷೆಡ್ಡಿನಲ್ಲಿ ನಾನೂ ನನ್ನ ಗಂಡನೂ ಮದುವೆಯಾದಾಗಿನಿಂದ ಹಾಕಿಕೊಂಡು ಬಂದದ್ದು ಈ ಎರಡು ಕೇಬಲ್‌ಗಳನ್ನೇ.

ಇದು ಇಬ್ಬರ ಕೆಲಸ. ಮೇಲೆ ಕ್ಯಾಬಿನ್ನಿನಲ್ಲಿ ನಾನು, ಕೆಳಗೆ ಎಂಜಿನ್ನಿನ ಹತ್ತಿರ ಅವರು. ತೂತು ಕೊರೆದು ಕೇಬಲ್ ತೂರಿಸುವುದು, ನಟ್ ಬಿಗಿಯುವುದು, ಹಿಡಿ ಎಳೆಯುವುದು, ಬಿಡುವುದು ನನ್ನ ಪಾಲು. ಎಂಜಿನ್ ಓಡುತ್ತಿದ್ದರೆ ಮಾತು ಕೇಳುವುದಿಲ್ಲ. ಅವರು ಸ್ಪ್ಯಾನರಿನಿಂದ ಚಾಸಿಗೆ ಒಂದು ಸಲ ಕುಟ್ಟಿದರೆ ಎಳೆ, ಎರಡು ಸಲ ಕುಟ್ಟಿದರೆ ಬಿಡು. ಆ ತುದಿಯಲ್ಲಿ ಏನಾಗುತ್ತದೆಂದು ನಾನು ಬಗ್ಗಿ ನೋಡಿದವಳಲ್ಲ. ಸೀರೆಗೆ ಗ್ರೀಸ್ ಮೆತ್ತಿಸಿಕೊಳ್ಳುವುದು ಯಾರಿಗೆ ಬೇಕಿತ್ತು?

ನಮ್ಮ ಜಗಳವೆಲ್ಲ ಆ ಹಿಡಿಯದ್ದೇ. ಅವರು ಹಾಕಿದ ಸ್ಟಾಪ್ ಕೇಬಲ್ ಎಳೆದರೆ ಮೊದಲು ಒಂದು ಬೆರಳಿನಷ್ಟು ಸುಮ್ಮನೆ ಬರುತ್ತಿತ್ತು. ಆಮೇಲಷ್ಟೇ ತಂತಿ ಹಿಡಿಯುವುದು.

“ಏನ್ರೀ ಇದು, ಲೊಡಲೊಡ ಅನ್ನುತ್ತೆ. ಬಿಗಿ ಮಾಡ್ರೀ. ನೋಡಿದವ್ರು ಇದೇನಾ ಕೆಲ್ಸ ಅಂತಾರೆ” ಎಂದು ನಾನು ಮೇಲಿನಿಂದ ಕೂಗುತ್ತಿದ್ದೆ.

“ಉಂಡನೀ” ಎನ್ನುತ್ತಿದ್ದರು ಕೆಳಗಿನಿಂದ. ಅವರ ತಾಯಿಯ ಮನೆಯ ಮಾತು ತೆಲುಗು. ನನ್ನ ಹತ್ತಿರ ಕನ್ನಡವೇ ಆಡುತ್ತಿದ್ದ ಮನುಷ್ಯ, ಮಾತು ಸಾಕು ಅನ್ನಿಸಿದಾಗ ಮಾತ್ರ ಈ ಒಂದು ತೆಲುಗು ಪದ ಎಸೆದು ಕೈತೊಳೆದುಕೊಳ್ಳುತ್ತಿದ್ದರು. ಇರಲಿ ಬಿಡು ಅಂತ ಅರ್ಥ. ಯಾಕೆ ಇರಬೇಕು ಎಂದು ಒಂದು ದಿನವೂ ಹೇಳಲಿಲ್ಲ. ಮಾತಿನಲ್ಲಿ ಅಷ್ಟು ಜಿಪುಣ. ಇಬ್ಬರ ಪಾಲಿನ ಮಾತನ್ನೂ ನಾನೇ ಆಡುತ್ತಿದ್ದೆ.

ಹೋದ ಮಾವಿನ ಕಾಲದಲ್ಲಿ ಎದೆನೋವು ಅಂತ ಮಲಗಿದವರು ಏಳಲಿಲ್ಲ. ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ತಾಯಲೂರಿನ ನನ್ನ ತಮ್ಮ ಒಬ್ಬನೇ ಉಳಿದ.

“ಷೆಡ್ ಯಾರಿಗಾದ್ರೂ ಟೀ ಅಂಗಡಿಗೆ ಕೊಟ್ಬಿಟ್ಟು ನಮ್ಮನೇಗೆ ಬಂದ್ಬಿಡಕ್ಕ. ಲಾರಿ ಕೆಳಗೆ ನುಗ್ಗೋಕಾಗುತ್ತಾ ನಿನ್ಗೆ?” ಎಂದ.

ಪ್ರೀತಿಯಿಂದಲೇ ಹೇಳಿದ. ಆದರೆ ಇನ್ನೊಬ್ಬರ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಉಳಿದ ಆಯುಷ್ಯ ಕಳೆಯುವುದು ನೆನೆದರೇ ನನಗೆ ಉಸಿರು ಕಟ್ಟಿತು. “ಒಂದು ಗಾಡಿ ನಾನೇ ಮಾಡ್ತೀನಿ. ಅದು ಸರಿಯಾಗಿ ಓಡ್ಲಿಲ್ಲ ಅಂದ್ರೆ ಬರ್ತೀನಿ, ಆಯ್ತಾ?” ಎಂದೆ.

ಗಾಡಿ ಬರಬೇಕಲ್ಲ. ಹೊಸ ಲಾರಿಗಳು ಕೀಲಿಗೇ ನಿಲ್ಲುತ್ತವೆ, ಅವು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ಯಾರ ಹತ್ತಿರವೂ ಬಾಯಿ ಬಿಡದೆ ದಿನಗಳು ಹೋದವು. ನನ್ನಂಥವಳಿಗೆ ಅದಕ್ಕಿಂತ ಶಿಕ್ಷೆ ಬೇಕೇ? ಅಡುಗೆಯದಂತೂ ಕೇಳಬೇಡಿ. ಒಬ್ಬಳಿಗೆ ಎಂದು ಮುದ್ದೆ ತೊಳಸಲು ಹೋದರೆ ಪಾತ್ರೆಯ ತಳದಲ್ಲಿ ಹಿಟ್ಟು ಕೋಲಿಗೇ ಸಿಗುವುದಿಲ್ಲ. ಬೇಜಾರಾಗಿ ಎರಡು ಮುದ್ದೆಗೇ ಹಿಟ್ಟು ಹಾಕುತ್ತಿದ್ದೆ. ಒಂದನ್ನು ಬೆಳಿಗ್ಗೆ ಉಣ್ಣುವುದು, ಇನ್ನೊಂದನ್ನು ಎದುರಿಗಿಟ್ಟುಕೊಂಡು ಮಧ್ಯಾಹ್ನದವರೆಗೆ ನೋಡುವುದು.

ಕಡೆಗೆ ಶ್ರೀನಿವಾಸಪುರದ ಕಡೆಯಿಂದ ಒಂದು ಹಳೆಯ ನೀರಿನ ಟ್ಯಾಂಕರ್ ಬಂತು. ಡ್ರೈವರು ಪರಿಚಯದವನೇ. ಎರಡೂ ಕೇಬಲ್ ಸವೆದು ಹೋಗಿದ್ದವು. ನನ್ನ ಗಂಡ ಇಲ್ಲವೆಂದು ತಿಳಿದು ವಾಪಸು ಹೊರಟವನನ್ನು ಕೂರಿಸಿ ಟೀ ಕೊಟ್ಟು ಒಪ್ಪಿಸಿದೆ. ಅವನನ್ನು ಕ್ಯಾಬಿನ್ನಿಗೆ ಹತ್ತಿಸಿ, ಸೀರೆಯ ಮೇಲೆ ಅವರ ಅಂಗಿ ತೊಟ್ಟು ಮೊದಲ ಸಲ ಕೆಳಗೆ ನುಗ್ಗಿದೆ. ಹಳೆಯ ಕ್ಲಿಪ್ಪುಗಳು ದಾರಿ ತೋರಿಸಿದವು. ಸೈಲೆನ್ಸರಿಗೆ ತಗಲದ ಹಾಗೆ, ಎಲ್ಲೂ ಮುರಿದು ಬಾಗದ ಹಾಗೆ ಕೇಬಲ್ ಎಳೆದೆ. ಸ್ಟಾಪ್ ಕೇಬಲಿನ ತಂತಿಯನ್ನು ಲಿವರಿಗೆ ಕಟ್ಟುವಾಗ ಚೆನ್ನಾಗಿ ಜಗ್ಗಿ ಬಿಗಿದೆ. ಮೇಲೆ ಹೋಗಿ ಹಿಡಿ ಮುಟ್ಟಿ ನೋಡಿದರೆ ಒಂದು ಕೂದಲಿನಷ್ಟೂ ಸಡಿಲವಿಲ್ಲ. ನೋಡಿ, ಹೀಗಿರಬೇಕು ಕೆಲಸ ಎಂದು ಈಗ ಇಲ್ಲದ ಅವರಿಗೆ ಮನಸ್ಸಿನಲ್ಲೇ ಹೇಳಿದೆ. ಎಂಜಿನ್ ಓಡಿತು, ನಿಂತಿತು. ಟ್ಯಾಂಕರ್ ಹೋಯಿತು.

ಮಾರನೆಯ ದಿನ ತಿರುಗಿ ಬಂತು, ನೀರು ತುಂಬಿಕೊಂಡು, ಏದುಸಿರು ಬಿಡುತ್ತ.

“ಏನಮ್ಮ ಹಿಂಗ್ ಮಾಡಿದ್ದೀರಾ. ಖಾಲಿ ಇದ್ರೆ ಓಡುತ್ತೆ, ಲೋಡ್ ಹಾಕಿದ್ರೆ ಏರು ಹತ್ತಲ್ಲ. ಅಣ್ಣ ಹಾಕಿದ್ದು ಯಾವತ್ತೂ ಹಿಂಗಾಗಿಲ್ಲ” ಎಂದ ಡ್ರೈವರು.

ತಮ್ಮನ ನಡುಮನೆ ಕಣ್ಣೆದುರು ಬಂತು. ಕೆಳಗೆ ನುಗ್ಗಿ, ಬೇರೇನೂ ತೋಚದೆ ಸ್ಟಾಪ್ ಕೇಬಲಿನ ಸ್ಕ್ರೂ ಬಿಚ್ಚಿದೆ. ಲಿವರ್ ಟಕ್ ಎಂದು ಹಿಂದೆ ಸರಿದು ಕೂತುಕೊಂಡಿತು. ಅದು ಕೂತ ಜಾಗ ವರ್ಷಗಟ್ಟಲೆ ಉಜ್ಜಿ ಹೊಳೆಯುತ್ತಿತ್ತು. ನಾನು ಬಿಗಿದದ್ದಕ್ಕೆ ಅದು ಆ ಜಾಗ ತಲುಪಿಯೇ ಇರಲಿಲ್ಲ. ಯಾರೂ ಎಳೆಯದಿದ್ದರೂ ಡೀಸೆಲ್ ಅರ್ಧ ಕಟ್ಟಾಗಿತ್ತು. ಗಾಡಿಗೆ ಉಸಿರಾಡಲು ನಾನು ಬಿಟ್ಟಿರಲಿಲ್ಲ.

ಲಿವರ್ ಅಲ್ಲೇ ಕೂರುವ ಹಾಗೆ ತಂತಿ ಬಿಟ್ಟು ಕಟ್ಟಿದೆ. ಮೇಲೆ ಹತ್ತಿ ಹಿಡಿ ಎಳೆದೆ. ಮೊದಲು ಸುಮ್ಮನೆ ಬಂತು. ಒಂದು ಬೆರಳಿನಷ್ಟು, ಅಷ್ಟೇ.

ಡ್ರೈವರು ಟ್ಯಾಂಕರನ್ನು ಷೆಡ್ಡಿನಾಚೆಯ ಏರಿಗೆ ಹತ್ತಿಸಿ, ತಿರುಗಿಸಿಕೊಂಡು ಬಂದ. “ಈಗ ಸರಿ ಹೋಯ್ತಮ್ಮ. ನಮ್ಮ ಓನರ್ದು ಇನ್ನೊಂದು ಗಾಡಿ ಇದೆ, ಕಳಿಸ್ತೀನಿ” ಎಂದ. ತಾಯಲೂರಿಗೆ ಹೋಗಬೇಕಾಗಿಲ್ಲ ಎಂದು ನನಗೆ ಗೊತ್ತಾದದ್ದು ಹಾಗೆ. ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಇನ್ನೊಂದೇ ಸಲ ನೋಡಿಬಿಡೋಣವೆಂದು ಎಂಜಿನ್ ಆಫ್ ಮಾಡಬೇಡ ಎಂದೆ. ಕುಟ್ಟುವ ಲೆಕ್ಕ ಅವನಿಗೆ ಹೇಳಿಕೊಟ್ಟು ಕೆಳಗೆ ಹೋಗಿ ಸ್ಪ್ಯಾನರಿನಿಂದ ಒಂದು ಸಲ ಕುಟ್ಟಿದೆ. ಮೇಲೆ ಅವನು ಎಳೆದ. ತಂತಿ ಒಂದು ಕ್ಷಣ ಸುಮ್ಮನೆ ಬಂತು, ಆಮೇಲೆ ಲಿವರ್ ನಿಧಾನವಾಗಿ ನನ್ನ ಮುಖದ ಎದುರೇ ಬಾಗಿತು. ಇಷ್ಟು ವರ್ಷ ಅವರು ನೋಡುತ್ತಿದ್ದದ್ದು ಇದನ್ನೇ. ಮೇಲೆ ನಾನು ಬಾಯಿ ಮಾಡುತ್ತಿದ್ದಾಗ ಇಲ್ಲಿ, ಅವರ ಕಣ್ಣಳತೆಯಲ್ಲಿ, ನನ್ನ ಕೈ ಹೀಗೆ ಕಾಣುತ್ತಿತ್ತು.

ಎಂಜಿನ್ ನಿಂತಿತು. ಷೆಡ್ಡಿನ ತುಂಬ ಸದ್ದಿಲ್ಲ.

“ಅಮ್ಮ, ಈ ಹಿಡಿ ಸ್ವಲ್ಪ ಲೊಡಲೊಡ ಅನ್ನುತ್ತಲ್ಲ, ಬಿಗಿ ಮಾಡ್ತೀರಾ?” ಎಂದ ಡ್ರೈವರು ಮೇಲಿನಿಂದ.

“ಉಂಡನೀ” ಎಂದೆ.

“ಏನಂದ್ರಿ?”

“ನಿನಗಲ್ಲಪ್ಪ” ಎಂದು ಹೇಳಿ, ಎರಡು ಸಲ ಕುಟ್ಟಿದೆ.