ಮಗುಚಿದ ಎಲೆ

ನಮ್ಮ ಸಸ್ಯಸಂಗ್ರಹಾಲಯದಲ್ಲಿ ಸೂಜಿಯಮ್ಮ ಎಂದರೆ ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರಿಗೂ ಗೊತ್ತು. ಕಾಡಿನಿಂದ ಬಂದ ಒಣ ರೆಂಬೆಗಳನ್ನು ದಪ್ಪ ಹಾಳೆಯ ಮೇಲೆ ಕೂರಿಸುವುದು ಆಕೆಯ ಕೆಲಸ. ಎಲೆಗೆ ಅಂಟು, ಕಡ್ಡಿಗೆ ಹೊಲಿಗೆ.

ಆಕೆಯ ಗಂಡ ದರ್ಜಿ. ಅವನ ಅಂಗಡಿಯ ಮೂಲೆಯಲ್ಲಿ ಕಾಜಾ ಹಾಕುತ್ತ ಕೂತಿದ್ದವಳನ್ನು ಕರೆತಂದವಳು ನಾನು. ದಪ್ಪ ಕಡ್ಡಿಗಳಿಗೆ ಅಂಟು ನಿಲ್ಲದೆ ನಾವು ಪೇಚಾಡುತ್ತಿದ್ದ ಕಾಲ ಅದು. ತನ್ನ ಅಂಗಿಯ ಗುಂಡಿ ಕಿತ್ತುಹೋಗಿ ತಿಂಗಳಾಯಿತು, ಹೆಂಡತಿ ಮರಗಳಿಗೆ ಗುಂಡಿ ಹಾಕುತ್ತ ಕೂತಿದ್ದಾಳೆ ಎಂದು ಅವನು ಬೀದಿಗೆಲ್ಲ ಹೇಳಿಕೊಂಡು ತಿರುಗಿದ.

ಆಕೆಗೆ ನಾನು ಮೊದಲು ಕಲಿಸಿದ್ದು ಒಂದೇ ನಿಯಮ. ಪ್ರತಿ ಹಾಳೆಯಲ್ಲೂ ಒಂದು ಎಲೆಯಾದರೂ ಬೆನ್ನು ತೋರಿಸಬೇಕು. ಮಳೆಕಾಡಿನ ಮರಗಳ ಎಲೆಗಳು ಮೇಲಿನಿಂದ ನೋಡಿದರೆ ಒಂದೇ ತಾಯಿಯ ಮಕ್ಕಳು: ಅದೇ ಕಡುಹಸಿರು, ಅದೇ ನುಣುಪು, ನೀರು ಜಾರಿಹೋಗಲು ಅದೇ ಚೂಪು ತುದಿ. ಒಂದೇ ಇಳಿಜಾರಿನಲ್ಲಿ ಹತ್ತಾರು ಜಾತಿಗಳು ಹೀಗೆ ಒಂದೇ ಉಡುಪು ತೊಟ್ಟು ನಿಂತಿರುತ್ತವೆ. ಗುರುತು ಸಿಗುವುದು ಎಲೆಯ ಕೆಳಗೆ, ನರಗಳ ಹೆಣಿಗೆಯಲ್ಲಿ, ರೋಮದಲ್ಲಿ, ಗ್ರಂಥಿಗಳ ಚುಕ್ಕೆಯಲ್ಲಿ. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಲ್ಲೂ ಒಂದು ಜಾತಿಗೆ ಎಲೆಯಡಿ ಬೂದು ರೋಮದ ಹೊದಿಕೆ ಇರುತ್ತದೆ, ಪಕ್ಕದ್ದಕ್ಕೆ ಇರುವುದಿಲ್ಲ. ಹೂವಿಲ್ಲದ ರೆಂಬೆಯನ್ನು ಗುರುತಿಸಲು ಮಗುಚಿದ ಆ ಒಂದು ಎಲೆಯೇ ಗತಿ. ಸೂಜಿಯಮ್ಮ ಒಣ ತೊಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಅದು ಮೆತ್ತಗಾದ ಮೇಲೆ ಎಲೆಯನ್ನು ಮಗುಚುತ್ತಿದ್ದಳು. ವರ್ಷಗಟ್ಟಲೆ ಆ ಕೈ ತಪ್ಪಿರಲಿಲ್ಲ.

ಒಂದು ಮಳೆಗಾಲ, ಆಕೆ ಮುಗಿಸಿಟ್ಟ ಕಟ್ಟೊಂದನ್ನು ಬಿಚ್ಚಿದೆ. ಒಂದು ಹಾಳೆಯಲ್ಲಿ ಎಲ್ಲ ಎಲೆಗಳೂ ಮೇಲ್ಮುಖ, ಇನ್ನೊಂದರಲ್ಲಿ ಎಲ್ಲವೂ ಬೋರಲು. ಹಳೆಯ ಕಟ್ಟುಗಳನ್ನೂ ತೆಗೆಸಿದೆ. ಬೂದು ರೋಮದ ಕಾಂಡ್ಲಾ ಹಾಳೆಗಳು ಸರಿಯಾಗಿದ್ದವು. ರೋಮವಿದ್ದ ಎಲೆಗಳೆಲ್ಲ ಸರಿ. ತಪ್ಪಿದ್ದು ಎರಡೂ ಬದಿ ನುಣುಪಾದವು ಮಾತ್ರ. ಆಕೆಯನ್ನು ಕರೆಸಿದೆ.

"ಕಣ್ಣು ಯಾವಾಗಿಂದ ಕಾಣ್ತಿಲ್ಲ?"

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕಾಣ್ತದೆ ಮೇಡಂ, ಮಂಜು ಮಂಜಾಗಿ. ಬೆರಳಿಗೆ ಒರಟು ತಗುಲಿದ್ರೆ ಅದೇ ಬೆನ್ನು ಅಂತ ಅಂಟಿಸ್ತಿದ್ದೆ. ಇವು ಎರಡೂ ಕಡೆ ಗಾಜಿನ ಹಾಗಿವೆ, ಹಾಳಾದವು."

"ಹೇಳೋಕೇನಾಗಿತ್ತು?"

"ಹೇಳಿದ್ರೆ ಮನೇಲಿ ಕೂತ್ಕೋ ಅಂತಿದ್ರಿ."

ಭಯ ಅದೊಂದೇ ಅಲ್ಲ. ಆಕೆಯ ತಾಯಿ ಯಾರೋ ಅರೆಬರೆ ವೈದ್ಯನ ಕೈಗೆ ಕಣ್ಣು ಕೊಟ್ಟು ಇದ್ದ ಬೆಳಕನ್ನೂ ಕಳೆದುಕೊಂಡಿದ್ದಳು. ಹೇಳಿದರೆ ಕಿಟಕಿ ಪಕ್ಕದ ತನ್ನ ಕೆಲಸದ ಮೇಜು ಹೋಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಕಣ್ಣೇ ಹೋಗುತ್ತದೆ. ಹೀಗೆಂದುಕೊಂಡು ಬೆರಳ ತುದಿಯಲ್ಲೇ ದಿನ ದೂಡುತ್ತಿದ್ದಳು.

ಹಾಗಾದರೆ ಸೂಜಿಗೆ ದಾರ ಪೋಣಿಸುತ್ತಿದ್ದವರು ಯಾರು? ಆಕೆಯ ಮೇಜಿನ ಮೇಲಿನ ಬಟ್ಟೆಯ ದಿಂಬಿನಲ್ಲಿ ದಾರ ಹಾಕಿದ ಸೂಜಿಗಳು ಸಾಲಾಗಿ ಚುಚ್ಚಿಕೊಂಡಿದ್ದವು. ಸಂಜೆ ಅಂಗಡಿಗೆ ಹೋದೆ. ದರ್ಜಿ ಹೊಲಿಗೆ ಯಂತ್ರದ ಮೇಲಿಟ್ಟ ಕಾಲನ್ನು ತೆಗೆಯದೆ ಕೇಳಿದ.

"ಬೈದ್ರಾ?"

"ಬೈದೆ."

"ಚೆನ್ನಾಗಿ ಬೈದ್ರಾ? ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳ್ಳಲ್ಲ. ದಿನಾ ಬೆಳಗ್ಗೆ ದಾರ ಹಾಕಿ ಹಾಕಿ ನನ್ನ ಕಣ್ಣೂ ಹೋಗೋ ಹಾಗಿದೆ."

ಮರುದಿನ ಆಕೆಗೆ ಹೇಳಬೇಕಾದ್ದನ್ನು ಹೇಳಿದೆ. ಮೇಜು ಆಕೆಯದೇ, ಬೇರೆ ಯಾರೂ ಅಲ್ಲಿ ಕೂರುವುದಿಲ್ಲ. ಆದರೆ ಕಣ್ಣಿನ ಪೊರೆ ತೆಗೆಸದೆ ಒಳಗೆ ಕಾಲಿಡಬಾರದು. ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ದಾರಿಯುದ್ದಕ್ಕೂ ಆಕೆ ನನ್ನ ಮುಂಗೈ ಬಿಡಲಿಲ್ಲ. ನಾನು ಬಿಡಿಸಿಕೊಳ್ಳಲೂ ಇಲ್ಲ.

ಪಟ್ಟಿ ಬಿಚ್ಚಿದ ಮೇಲೆ ಆಕೆ ಮೊದಲು ನೋಡಿದ್ದು ಗಂಡನ ಅಂಗಿಯನ್ನು. ನೀವೇ ಗುಂಡಿಗೆ ಇಷ್ಟು ಸೊಟ್ಟ ಹೊಲಿಗೆ ಹಾಕಿಕೊಂಡು ಊರೆಲ್ಲ ತಿರುಗಿದಿರಾ ಎಂದಳಂತೆ. ಆ ಒಂದು ಮಾತಿಗೆ ಅವನು ವಾರ್ಡಿನಲ್ಲಿದ್ದವರಿಗೆಲ್ಲ ಕಾಫಿ ಕೊಡಿಸಿದ.

ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದವಳೇ ತಪ್ಪಿದ ಹಾಳೆಗಳನ್ನು ಕೇಳಿದಳು, ಕಿತ್ತು ಮತ್ತೆ ಅಂಟಿಸಲು. ನಾನು ಒಪ್ಪಲಿಲ್ಲ. ಒಣ ಎಲೆ ಅಂಟು ಬಿಡುವ ಮೊದಲು ಪುಡಿಯಾಗುತ್ತದೆ. ಆಕೆ ಅದೇ ರೆಂಬೆಗಳಿಂದ ಉದುರಿದ್ದ ಎಲೆಗಳನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು. ಕಾಗದದ ಪುಟ್ಟ ಲಕೋಟೆಗಳನ್ನು ಮಡಚಿ, ಒಂದೊಂದರಲ್ಲಿ ಒಂದೊಂದು ಬಿಡಿ ಎಲೆಯಿಟ್ಟು, ಹಾಳೆಗಳ ಮೂಲೆಗೆ ಹೊಲಿದಳು. ಈಗ ವಿದ್ಯಾರ್ಥಿಗಳು ಆ ಎಲೆಯನ್ನು ಅಂಗೈಗೆ ಸುರಿದುಕೊಂಡು ಎರಡೂ ಬದಿ ನೋಡುತ್ತಾರೆ.

ಕಾಡಿನ ಮರಗಳ ಬಗ್ಗೆ ನಾನು ಬರೆದ ಪುಸ್ತಕಗಳ ಮೊದಲ ಪುಟಗಳಲ್ಲಿ ಅನೇಕರಿಗೆ ವಂದನೆಗಳಿವೆ, ಆಕೆಗೆ ಮಾತ್ರ ಇಲ್ಲ. ಆ ಪುಸ್ತಕಗಳಲ್ಲಿ ನಾನು ಖಚಿತವಾಗಿ ಹೇಳಿದ್ದರಲ್ಲಿ ಹೆಚ್ಚಿನದು ಸೂಜಿಯಮ್ಮ ಮಗುಚಿಟ್ಟ ಎಲೆಗಳನ್ನು ನೋಡಿ ಹೇಳಿದ್ದು. ಈ ಬರಹ ಆ ವಂದನೆ.

ಆಕೆ ಇಂದಿಗೂ ದಾರ ಹಾಕಿದ ಸೂಜಿಗಳ ದಿಂಬು ಹಿಡಿದೇ ಬರುತ್ತಾಳೆ. ಕಣ್ಣು ಸರಿಯಾಯಿತಲ್ಲ, ಇನ್ನೇಕೆ ಎಂದೆ.

"ಅವರು ಹಾಕಿ ಇಟ್ಟಿರ್ತಾರೆ, ಮೇಡಂ," ಎಂದಳು. "ಬೇಡ ಅನ್ನೋಕಾಗತ್ತಾ?"